ಒಂದು ಗೇಟಿಗೆ ಇಬ್ಬರು ವಾಚ್‌ಮನ್: ಎರಡೂವರೆ ವರ್ಷ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಒಂದನ್ನೇ ಬಳಸಿದ ಮೇಲೆ

ಚಾಮರಾಜಪೇಟೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಝೆರಾಕ್ಸ್ ಮೆಷಿನ್. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು ಇವೇ ಕೆಲಸ. ದಿನಕ್ಕೆ ಹತ್ತಿಪ್ಪತ್ತು ಜನರ ಪೆನ್‌ಡ್ರೈವ್ ನನ್ನ ಕಂಪ್ಯೂಟರಿಗೆ ಬಂದು ಹೋಗುತ್ತದೆ. ಒಳಗೆ ಏನೇನು ಇರುತ್ತದೋ ದೇವರೇ ಬಲ್ಲ. ಹಾಗಾಗಿ ಆಂಟಿವೈರಸ್ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲ. ಆ ಪುಕ್ಕಲುತನವೇ 2023ರ ಫೆಬ್ರವರಿಯಲ್ಲಿ ನನ್ನನ್ನು ಹಳ್ಳಕ್ಕೆ ಕೆಡವಿತು.

ಕಂಪ್ಯೂಟರ್ ಕೊಂಡಾಗ ಅದರ ಜೊತೆ ಒಂದು ಆಂಟಿವೈರಸ್ ಪುಕ್ಕಟೆ ಬಂದಿತ್ತು. ಅವಧಿ ಮುಗಿಯಿತು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ತೆಗೆದೆ. ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರಸ್ತೆಯಿಂದ ಬೇರೆ ಕಂಪನಿಯ ಡಬ್ಬಿ ತಂದು ಹಾಕಿದೆ. ಎರಡರ ಹೆಸರೂ ಇಲ್ಲಿ ಬೇಡ. ಒಂದು ವಾರ ಎಲ್ಲಾ ಸರಿಯಿತ್ತು. ಆಮೇಲೆ ಶುರುವಾಯಿತು ನೀಲಿ ಪರದೆ: ವಿಂಡೋಸ್ ಇದ್ದಕ್ಕಿದ್ದಂತೆ ಕೈಕೊಟ್ಟು, ಪರದೆಯೆಲ್ಲ ನೀಲಿಯಾಗಿ, ಕಂಪ್ಯೂಟರ್ ನಿಂತೇ ಹೋಗುವ ಕಾಟ.

ಮೊದಲು ದಿನಕ್ಕೊಮ್ಮೆ, ಆಮೇಲೆ ಮೂರು ಸಲ. ಅದೂ ಮದುವೆ ಸೀಸನ್. ಎದುರಿಗೆ ಹುಡುಗಿಯ ಚಿಕ್ಕಪ್ಪ ಕೂತು ‘ಶ್ರೀಮತಿ’ಗೆ ದೀರ್ಘ ಹಾಕಿದ್ದೀರೋ ಇಲ್ಲವೋ ಎಂದು ನೋಡುತ್ತಿರುವಾಗಲೇ ಕಂಪ್ಯೂಟರ್ ದೊಪ್ಪನೆ ಬೀಳುತ್ತಿತ್ತು. ಸೇವ್ ಮಾಡದ ಕೆಲಸವೆಲ್ಲ ಹೋಯಿತು ಅಂತಲೇ ಲೆಕ್ಕ.

ಮೊದಲ ಅನುಮಾನ ಕರೆಂಟ್ ಮೇಲೆ. ಯುಪಿಎಸ್ ಬ್ಯಾಟರಿ ಬದಲಾಯಿಸಿದೆ. ಏನೂ ಆಗಲಿಲ್ಲ. ರಿಪೇರಿಯವನು ರ‍್ಯಾಮ್ ಹೋಗಿದೆ ಎಂದ, ಅದನ್ನೂ ಬದಲಾಯಿಸಿದೆ. ಮತ್ತೆ ಅದೇ ಪರದೆ. ಹೊಸ ರ‍್ಯಾಮ್ ಹಾಕಿದ ಮೇಲೆ ಮೆಮರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದೆ. ಒಂದೂ ತಪ್ಪಿಲ್ಲ. ಹಳೇ ರ‍್ಯಾಮ್ ಹಾಕಿ ಓಡಿಸಿದೆ. ಅದರಲ್ಲೂ ತಪ್ಪಿಲ್ಲ! ಅಂದರೆ ರ‍್ಯಾಮ್ ದುಡ್ಡು ದಂಡ. ಈ ಪರೀಕ್ಷೆ ಮೊದಲೇ ಮಾಡಬೇಕಿತ್ತು, ಅಲ್ವಾ? ಆಗ ಹೊಳೆಯಲಿಲ್ಲ.

ದಾರಿ ತೋರಿಸಿದ್ದು ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗಿಗೆ ಬಂದ ಒಬ್ಬ ಇಂಜಿನಿಯರಿಂಗ್ ಹುಡುಗ. ಅವನ ಕಣ್ಣೆದುರೇ ಕಂಪ್ಯೂಟರ್ ಬಿತ್ತು. ‘ಅಂಕಲ್, ಮಿನಿಡಂಪ್ ನೋಡಿದ್ರಾ?’ ಎಂದ. ನಾನು ಆ ಹೆಸರೇ ಕೇಳಿರಲಿಲ್ಲ.

ಕಂಪ್ಯೂಟರ್ ಬೀಳುವ ಗಳಿಗೆಯಲ್ಲಿ ಏನಾಗಿತ್ತು ಅನ್ನುವುದನ್ನು ವಿಂಡೋಸ್ ಒಂದು ಚಿಕ್ಕ ಫೈಲಿನಲ್ಲಿ ಬರೆದಿಡುತ್ತದೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಅಂತ ಇನ್ನೊಂದು ಫೋಲ್ಡರ್, ಅದರಲ್ಲಿ ಸಾಲಾಗಿ ಫೈಲುಗಳು, ಹೆಸರಿನಲ್ಲೇ ತಾರೀಕು. ಹುಡುಗ ವಿನ್‌ಡಿಬಿಜಿ ಅನ್ನುವ ತಂತ್ರಾಂಶ ಇಳಿಸಿಕೊಂಡ. ಅದು ಮೈಕ್ರೋಸಾಫ್ಟ್‌ನದೇ, ಪುಕ್ಕಟೆ. ಆರು ಫೈಲು ತೆರೆದ. ಆರರಲ್ಲೂ ಒಂದೇ ಕಥೆ: ‘ಅನ್‌ಎಕ್ಸ್‌ಪೆಕ್ಟೆಡ್ ಕರ್ನಲ್ ಮೋಡ್ ಟ್ರ್ಯಾಪ್’, ಪಕ್ಕದಲ್ಲಿ 8 ಎಂಬ ಅಂಕಿ. ಕೆಳಗಿನ ಪಟ್ಟಿಯಲ್ಲಿ ಎರಡು ಡ್ರೈವರ್‌ಗಳ (ವಿಂಡೋಸ್‌ನ ಒಳಗೇ ಸೇರಿಕೊಂಡು ಕೆಲಸ ಮಾಡುವ ತಂತ್ರಾಂಶದ ತುಣುಕುಗಳು) ಹೆಸರು ಒಂದಾದ ಮೇಲೊಂದು, ಒಂದಾದ ಮೇಲೊಂದು. ಒಂದು ಹೊಸ ಆಂಟಿವೈರಸ್ಸಿನದು. ಇನ್ನೊಂದು ನಾನು ‘ತೆಗೆದಿದ್ದ’ ಹಳೆಯದರದು.

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಎರಡು ಏಜೆನ್ಸಿಯ ಇಬ್ಬರು ವಾಚ್‌ಮನ್ ಇದ್ದಾರೆ ಅಂದುಕೊಳ್ಳಿ. ಕೊರಿಯರ್‌ನವನು ಬಂದ. ಮೊದಲನೆಯವನು ಚೀಲ ಬಿಚ್ಚಿ ನೋಡಲು ಹೋದ. ಎರಡನೆಯವನು ‘ಯಾರಯ್ಯ ನೀನು ಚೀಲ ಬಿಚ್ಚೋಕೆ’ ಎಂದು ಅವನನ್ನೇ ತಡೆದು ತಾನು ಬಿಚ್ಚಲು ಹೋದ. ಆಗ ಮೊದಲನೆಯವನು ಇವನನ್ನು ತಡೆದ. ಇದು ಮುಗಿಯುವುದೇ ಇಲ್ಲ. ಆಂಟಿವೈರಸ್ಸೂ ಹೀಗೇ. ಯಾವ ಫೈಲ್ ತೆರೆದರೂ ನಡುವೆ ನಿಂತು ನೋಡುತ್ತದೆ. ನೋಡಲು ತಾನೂ ಆ ಫೈಲನ್ನು ತೆರೆಯಬೇಕು. ಅದು ತೆರೆದಿದ್ದನ್ನು ಇನ್ನೊಂದು ಹಿಡಿಯುತ್ತದೆ. ಈ ಕೆಲಸಕ್ಕೆ ಕರ್ನಲ್ ಒಳಗೆ, ಅಂದರೆ ವಿಂಡೋಸ್‌ನ ತಿರುಳಿನೊಳಗೆ, ಸಿಗುವ ಸ್ಟ್ಯಾಕ್ ಜಾಗ (ಅರ್ಧಕ್ಕೆ ನಿಂತ ಕೆಲಸಗಳನ್ನು ನೆನಪಿಡುವ ಮೆಮರಿ) 64 ಬಿಟ್ ವಿಂಡೋಸ್‌ನಲ್ಲಿ ಬರೀ 24 ಕೆಬಿ. ಅದು ತುಂಬಿತೋ, ಮೇಲೆ ಹೇಳಿದ ಆ 8 ಅಂಕಿಯ ನೀಲಿ ಪರದೆ. ಪೆನ್‌ಡ್ರೈವಿನಿಂದ ನೂರಾರು ಫೈಲು ಕಾಪಿ ಮಾಡುವಾಗಲೇ ಜಾಸ್ತಿ ಯಾಕೆ ಬೀಳುತ್ತಿತ್ತು ಅಂತ ಆಗ ಅರ್ಥವಾಯಿತು.

ನಿಮಗೂ ಇದೇ ಅನುಮಾನ ಇದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇಂಗ್ಲಿಷಿನಲ್ಲಿ ಎಫ್, ಎಲ್, ಟಿ, ಎಂ, ಸಿ ಎಂಬ ಐದು ಅಕ್ಷರ ಒತ್ತಿ ಎಂಟರ್ ಕೊಡಿ. ಫೈಲುಗಳ ನಡುವೆ ನಿಂತಿರುವವರ ಪಟ್ಟಿ ಬರುತ್ತದೆ. ಪ್ರತಿಯೊಬ್ಬರ ಎದುರಿಗೂ ‘ಆಲ್ಟಿಟ್ಯೂಡ್’ ಅಂತ ಒಂದು ಸಂಖ್ಯೆ. 320000ದಿಂದ 329998ರವರೆಗಿನದು ಆಂಟಿವೈರಸ್‌ಗಳಿಗೆ ಮೀಸಲು. ಆ ಸಾಲಿನಲ್ಲಿ ಎರಡು ಬೇರೆ ಕಂಪನಿಗಳು ಕಂಡರೆ ಹುಷಾರಾಗಿ. ನನ್ನದರಲ್ಲಿ ಕಂಡವು.

ಅನ್‌ಇನ್‌ಸ್ಟಾಲ್ ಮಾಡಿದರೂ ಡ್ರೈವರ್ ಉಳಿದುಕೊಂಡಿತ್ತು ನೋಡಿ, ಅದು ನನಗೆ ಇವತ್ತಿಗೂ ಸಿಟ್ಟು. ಅದಕ್ಕೇ ಬಹಳ ಕಂಪನಿಗಳು ‘ರಿಮೂವಲ್ ಟೂಲ್’ ಅಂತ ಬೇರೆ ಕೊಡುತ್ತವೆ. ಹೋಗುವಾಗ ಪೂರ್ತಿ ಹೋಗಲಿಕ್ಕೂ ಬೇರೆ ತಂತ್ರಾಂಶ ಬೇಕೇನ್ರೀ? ಇರಲಿ. ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಕೊಟ್ಟು ಸೇಫ್ ಮೋಡಿಗೆ (ತೀರಾ ಬೇಕಾದಷ್ಟೇ ಡ್ರೈವರ್ ಓಡುವ ಸ್ಥಿತಿ) ಹೋಗಿ ಎರಡನ್ನೂ ಅವುಗಳ ಟೂಲಿನಿಂದಲೇ ತೆಗೆದೆವು. ಒಂದು ಎಚ್ಚರಿಕೆ: ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಸೇಫ್ ಮೋಡಿಗೆ ಹೋಗುವಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಮೊದಲೇ ಬರೆದಿಟ್ಟುಕೊಳ್ಳಿ.

ಬೇರೆ ಯಾವುದೂ ಇಲ್ಲದಾಗ ವಿಂಡೋಸ್‌ನ ಡಿಫೆಂಡರ್ ತಾನಾಗೇ ಎದ್ದು ಕೂರುತ್ತದೆ. ಅವತ್ತು ಎದ್ದಿದ್ದು ಇವತ್ತಿಗೂ ಕಾವಲಿದೆ. ಆಮೇಲೆ ಆ ನೀಲಿ ಪರದೆ ಒಂದು ಸಲವೂ ಬಂದಿಲ್ಲ.

ಈಗ ಡಿಫೆಂಡರ್ ಬಗ್ಗೆ. ಪೆನ್‌ಡ್ರೈವಿನ ಫೋಲ್ಡರ್ ಬಚ್ಚಿಟ್ಟು ಆ ಜಾಗದಲ್ಲಿ ಶಾರ್ಟ್‌ಕಟ್ ಇಡುವ ‘ಶಾರ್ಟ್‌ಕಟ್ ವೈರಸ್ಸನ್ನು’ ಚೆನ್ನಾಗಿ ಹಿಡಿಯುತ್ತದೆ. ಆದರೆ ವೈರಸ್ ಬಚ್ಚಿಟ್ಟ ಫೋಲ್ಡರನ್ನು ಹೊರಗೆ ತಂದುಕೊಡುವುದಿಲ್ಲ. ಗಿರಾಕಿ ‘ನನ್ ಫೈಲೆಲ್ಲಾ ಡಿಲೀಟ್ ಮಾಡ್ಬಿಟ್ರಿ’ ಎಂದು ಜಗಳಕ್ಕೆ ನಿಲ್ಲುತ್ತಾನೆ. ಆಟ್ರಿಬ್ ಕಮಾಂಡ್ ಹಾಕಿ ನಾನೇ ತೋರಿಸಬೇಕು. ಇನ್ನೊಂದು ವಿಷಯ, ಪೂರ್ತಿ ಸ್ಕ್ಯಾನ್ ಕೊಟ್ಟರೂ ಪೆನ್‌ಡ್ರೈವನ್ನು ಅದು ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಬೇರೆಯಾಗಿ ಸ್ಕ್ಯಾನ್ ಕೊಡಬೇಕು. ನನಗೀಗ ಕೈ ತಾನಾಗೇ ಹೋಗುತ್ತದೆ.

ಹಳೇ ಹಾರ್ಡ್‌ಡಿಸ್ಕ್ ಇರುವ ಎರಡನೇ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಶುರುವಾದರೆ ಕೆಲಸ ಕೆಟ್ಟಂತೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಫೆಂಡರ್‌ನದೇ ಆದ ‘ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಎಲ್ಲಕ್ಕಿಂತ ಮೇಲೇ ಕೂತಿರುತ್ತದೆ. ಊಟದ ಹೊತ್ತಿಗೆ ಸಮಯ ಇಟ್ಟಿದ್ದೇನೆ. ಎಸ್‌ಎಸ್‌ಡಿ ಇರುವುದರಲ್ಲಿ ಈ ಕಾಟ ಗೊತ್ತೇ ಆಗುವುದಿಲ್ಲ.

ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್) ತಡೆಯುವ ಡಿಫೆಂಡರ್‌ನ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿದೆ. ಮಾರನೇ ದಿನ ನನ್ನ ಹಳೇ ಪೇಜ್ ಮಾಡುವ ತಂತ್ರಾಂಶ ಡಾಕ್ಯುಮೆಂಟ್ಸ್‌ನಲ್ಲಿ ಸೇವ್ ಮಾಡಲು ನಿರಾಕರಿಸಿತು. ಅದನ್ನು ಅನುಮತಿ ಪಟ್ಟಿಗೆ ಸೇರಿಸಿದ ಮೇಲೆ ಸರಿಹೋಯಿತು. ಆದರೆ ಕಾರಣ ಹೊಳೆಯುವಷ್ಟರಲ್ಲಿ ಅರ್ಧ ದಿನ ಹೋಗಿತ್ತು.

ದುಡ್ಡು ಕೊಟ್ಟು ಕೊಂಡವೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಒಂದೇ ಇರಲಿ ಅಂತ ಅಷ್ಟೇ. ಒಂದೇ ಇದ್ದರೂ ಕರ್ನಲ್ ಒಳಗೆ ಕೂತವನು ಎಡವಿದರೆ ಮನೆಯೇ ಬೀಳುತ್ತದೆ ಅನ್ನುವುದನ್ನು 2024ರ ಜುಲೈ 19ರಂದು ಊರೆಲ್ಲ ನೋಡಿತು. ಕಂಪ್ಯೂಟರ್ ರಕ್ಷಣೆಯ ತಂತ್ರಾಂಶ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಮಲಗಿದವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ದೊಡ್ಡ ಕಂಪನಿಗಳು ಬಳಸುವ ತಂತ್ರಾಂಶ, ನನ್ನ ಅಂಗಡಿಗೆ ಬಿಸಿ ತಟ್ಟಲಿಲ್ಲ. ಆದರೂ ಆ ಶುಕ್ರವಾರ ಟಿವಿಯಲ್ಲಿ ಸಾಲು ಸಾಲು ನೀಲಿ ಪರದೆ ನೋಡಿ ನನ್ನ ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು.

ಡಿಫೆಂಡರ್‌ಗೆ ನಕ್ಷತ್ರ ಕೊಡಿ ಅಂದರೆ ಐದಕ್ಕೆ ನಾಲ್ಕು. ಒಂದು ಕಳೆದದ್ದು ಆ ಹಾರ್ಡ್‌ಡಿಸ್ಕ್ ಕಂಪ್ಯೂಟರಿನ ಸಂಕಟಕ್ಕೆ. ಎಸ್‌ಪಿ ರಸ್ತೆಯ ಡಬ್ಬಿ ಈಗ ಮಾನಿಟರ್ ಕೆಳಗೆ ಎತ್ತರಕ್ಕೆ ಇದೆ. ರಿನ್ಯೂವಲ್‌ಗೆ ಫೋನ್ ಮಾತ್ರ ಇನ್ನೂ ಬರುತ್ತದೆ. ಹೋದ ವಾರವೂ ಒಬ್ಬಳು ಹುಡುಗಿ ಕೇಳಿದಳು, ‘ಸಾರ್, ನಿಮ್ಮ ಕಂಪ್ಯೂಟರಿಗೆ ಈಗ ರಕ್ಷಣೆ ಇಲ್ಲ, ಗೊತ್ತಾ?’