ಸೋನಿಕ್ ಪೈ: ತಾಳಕ್ಕೆ ಗಟ್ಟಿ, ಗಮಕಕ್ಕೆ ಕಷ್ಟ

ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ಸ್ಯಾಮ್ ಆರನ್ ಕೇಂಬ್ರಿಜ್‌ನಲ್ಲಿ ಶುರುಮಾಡಿದ ಸೋನಿಕ್ ಪೈ ಎಂಬ, ಕೋಡ್ ಬರೆದು ಸಂಗೀತ ನುಡಿಸುವ ಈ ಉಚಿತ ತಂತ್ರಾಂಶವನ್ನು ವೇದಿಕೆಯ ಮೇಲೂ ಧೈರ್ಯವಾಗಿ ಬಳಸಬಹುದು. ನುಡಿಯುತ್ತಿರುವಾಗಲೇ ಕೋಡ್ ತಿದ್ದಿ, ಕಂಸ ಮುಚ್ಚದೆ ರನ್ ಒತ್ತಿದರೂ ಸಂಗೀತ ನಿಲ್ಲುವುದಿಲ್ಲ. ತಪ್ಪು ಯಾವ ಸಾಲಿನಲ್ಲಿದೆ ಎಂದು ತೋರಿಸಿ, ಹಳೆಯ ಲೂಪ್‌ಗಳನ್ನೇ (ಸುತ್ತು ಸುತ್ತಾಗಿ ಓಡುವ ಕೋಡಿನ ತುಣುಕುಗಳನ್ನೇ) ಮುಂದುವರಿಸುತ್ತದೆ. ಓಡುವಾಗ ದೋಷ ಬಂದರೆ ಆ ಒಂದು ಲೂಪ್ ಮಾತ್ರ ಸಾಯುತ್ತದೆ. ತೊಡಕಿರುವುದು ಅದನ್ನು ಮತ್ತೆ ಎಬ್ಬಿಸುವಾಗ: ರನ್ ಒತ್ತಿದ ಕ್ಷಣದಲ್ಲೇ, ತಾಳದ ನಡುವೆ ಎಲ್ಲೋ ನುಗ್ಗಿಬಿಡುತ್ತದೆ.

ಅದಕ್ಕೇ ಮೊದಲು ಸದ್ದಿಲ್ಲದ ಒಂದು ತಾಳದ ಲೂಪ್ ಇಡಿ. ಮಿಶ್ರಛಾಪಿನ 7 ಅಕ್ಷರಕ್ಕೆ ಅರ್ಧ ಬೀಟಿನಂತೆ ಸ್ಲೀಪ್ (ಇಷ್ಟು ಬೀಟು ಕಾಯಿ ಎಂಬ ಆಜ್ಞೆ) 3.5. ಉಳಿದ ಲೂಪ್‌ಗಳ ತಲೆಸಾಲಿನಲ್ಲಿ ಇದಕ್ಕೆ ಸಿಂಕ್ ಕೊಡಿ, ಅಂದರೆ ಇದರ ಸುತ್ತು ಶುರುವಾಗುವವರೆಗೆ ಕಾಯಲು ಹೇಳಿ. ಲೂಪಿನ ಒಳಗೆ ಬರೆದರೆ ಪ್ರತಿ ಸುತ್ತೂ ಕಾಯುತ್ತದೆ, ಕೂದಲೆಳೆಯಷ್ಟು ತಡವಾದರೂ ಒಂದು ಆವರ್ತನ ಪೂರ್ತಿ ಮೌನ. ತಲೆಸಾಲಿನ ಸಿಂಕ್ ಶುರುವಿಗೆ ಮಾತ್ರ, ಆಮೇಲಿನ ಲೆಕ್ಕ ನಿಮ್ಮದು. ಸ್ಲೀಪ್‌ಗಳ ಮೊತ್ತ 3.25 ಆದರೆ ಪ್ರತಿ ಸುತ್ತಿಗೆ ಕಾಲು ಬೀಟು ಜಾರಿ, 13 ಆವರ್ತನದ ನಂತರವೇ ಸಮಕ್ಕೆ ಕೂಡುತ್ತದೆ.

ರಿವರ್ಬ್ (ಅನುರಣನ) ಮೊದಲಾದ ಎಫೆಕ್ಟ್ ಲೂಪಿನ ಹೊರಗಿರಲಿ. ಒಳಗಿಟ್ಟರೆ ಪ್ರತಿ ಸುತ್ತಿಗೂ ಹೊಸದು ಹುಟ್ಟಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಲೂಪನ್ನು ಕಾಮೆಂಟ್ ಮಾಡಿದರೆ (ಆ ಸಾಲುಗಳನ್ನು ಲೆಕ್ಕಕ್ಕಿಲ್ಲದಂತೆ ಗುರುತಿಸಿದರೆ) ಅದು ನಿಲ್ಲುವುದಿಲ್ಲ, ಒಳಗೆ ಸ್ಟಾಪ್ ಬರೆದು ರನ್ ಮಾಡಬೇಕು.

ತಂತ್ರಾಂಶದಲ್ಲಿರುವ ರಾಗದ ಹೆಸರುಗಳನ್ನು ನಂಬುವ ಮುನ್ನ ಸ್ವರ ಎಣಿಸಿ. ಭೈರವ್ ಎಂದರೆ ನಮ್ಮ ಮಾಯಾಮಾಳವಗೌಳದ ಸ್ವರಗಳೇ, ಸರಿ. ಆದರೆ ತೋಡಿ ಎಂದು ಬರೆದರೆ ಬರುವುದು ಹಿಂದೂಸ್ತಾನಿ ತೋಡಿ, ಅಂದರೆ ಶುಭಪಂತುವರಾಳಿಯ ಸ್ವರಗಳು. ಹನುಮತೋಡಿ ಬೇಕಾದರೆ ಫ್ರಿಜಿಯನ್ (ಒಂದು ಪಾಶ್ಚಾತ್ಯ ಸ್ವರಶ್ರೇಣಿ) ಎನ್ನಬೇಕು. ತಬಲಾ ಬೋಲ್‌ಗಳು (ಪೆಟ್ಟಿನ ಸದ್ದುಗಳು) ಜೊತೆಗೇ ಬರುತ್ತವೆ, ಮೃದಂಗದ್ದಕ್ಕೆ ನಿಮ್ಮದೇ ವೇವ್ ಫೈಲ್ ಕೊಡಬೇಕು.

ದೊಡ್ಡ ಕೊರತೆ ಗಮಕ, ಅಂದರೆ ಸ್ವರವನ್ನು ಅಲುಗಿಸುವ, ಜಾರಿಸುವ ಕಲೆ. ರಿಷಭವನ್ನು ಹಾಗೇ ನುಡಿಸಿದರೆ ಹಾರ್ಮೋನಿಯಂನಂತೆ ನೇರ ನಿಲ್ಲುತ್ತದೆ. ಕಂಪಿತ (ಸ್ವರದ ಅಲುಗಾಟ) ಬೇಕೆಂದರೆ ಸಸ್ಟೇನ್ (ಸ್ವರ ನಿಲ್ಲುವ ಅವಧಿ) 2, ನೋಟ್ ಸ್ಲೈಡ್ (ಸ್ವರ ಜಾರುವ ಅವಧಿ) 0.1 ಕೊಟ್ಟು, ಕಂಟ್ರೋಲ್ ಆಜ್ಞೆಯಿಂದ 60 ಮತ್ತು 61ರ (ಷಡ್ಜ, ಶುದ್ಧ ರಿಷಭಗಳ ಸ್ವರಸಂಖ್ಯೆಗಳ) ನಡುವೆ ಪ್ರತಿ 0.1 ಬೀಟಿಗೆ ಎಳೆಯಬೇಕು. ಸಸ್ಟೇನ್ ಮರೆತರೆ ಒಂದೇ ಬೀಟಿನಲ್ಲಿ ಸ್ವರ ಕರಗಿಹೋಗುತ್ತದೆ. ಇಷ್ಟನ್ನು ವೇದಿಕೆಯಲ್ಲಿ ಟೈಪ್ ಮಾಡಲಾಗದು, ಫಂಕ್ಷನ್ ಮಾಡಿ ಮೊದಲೇ ಇನ್ನೊಂದು ಬಫರ್‌ನಲ್ಲಿ (ಕೋಡ್ ಬರೆಯುವ ಪುಟದಲ್ಲಿ) ಇಟ್ಟು ರನ್ ಮಾಡಿಕೊಂಡಿರಿ.

ಮಿಡಿ ಕೀಬೋರ್ಡ್ (ಕಂಪ್ಯೂಟರಿಗೆ ಸ್ವರಗಳ ಸಂಕೇತ ಕಳಿಸುವ ವಾದ್ಯ) ಜೋಡಿಸುವವರು ಯೂಸ್ ರಿಯಲ್ ಟೈಮ್ ಸಾಲನ್ನು ಮರೆಯಬೇಡಿ. ಇಲ್ಲವಾದರೆ ಕೀ ಒತ್ತಿ ಅರ್ಧ ಸೆಕೆಂಡಿನ ಮೇಲೆ ಸದ್ದು ಕೇಳುತ್ತದೆ.