ಪಿ.ಬಿ. ಶ್ರೀನಿವಾಸ್ ದನಿಗಾಗಿ ಕೊಂಡ ಪ್ಲೇಯರ್

ಹಳೆಯ ಕನ್ನಡ ಹಾಡು ತುಂಬಿದ ಈ ಪ್ಲೇಯರನ್ನು ಅಪ್ಪನಿಗೆಂದು ತಂದೆ. ಗುಂಡಿ ತಿರುಗಿಸಿ ಪಿ.ಬಿ. ಶ್ರೀನಿವಾಸ್ ಹೆಸರಿಗೆ ನಿಲ್ಲಿಸಿದರೆ ಆಯ್ತು. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದವರು, ವರ್ಷಗಟ್ಟಲೆ ರಾಜ್‌ಕುಮಾರ್ ಅವರ ಹಾಡಿನ ದನಿಯೇ ಆಗಿದ್ದರು. ಅವರ ಕನ್ನಡ ಎಷ್ಟು ಸ್ಪಷ್ಟ ಅಲ್ವಾ! ತಗ್ಗು ಸ್ವರದಲ್ಲಿ ಹಾಡುವಾಗ ಅವರು ಉಸಿರೆಳೆಯುವುದೂ ಈ ಸ್ಪೀಕರಿನಲ್ಲಿ ಕೇಳುತ್ತದೆ. ಸೌಂಡ್ ಜಾಸ್ತಿ ಮಾಡಿದರೆ ಪಿಟೀಲು ಕಿರುಗುಟ್ಟುತ್ತದೆ.

ನನ್ನ ದೊಡ್ಡ ದೂರು ಬೇರೆ. ‘ಕಸ್ತೂರಿ ನಿವಾಸ’ದ (1971) ‘ಆಡಿಸಿ ನೋಡು’ ಶ್ರೀನಿವಾಸ್ ಹಾಡಿದ್ದು. ಅದರ ದುಃಖದ ರೂಪ ಹಾಡಿದವರು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್. ಈ ಪ್ಲೇಯರಿನ ಪಟ್ಟಿಯಲ್ಲಿ ಎರಡಕ್ಕೂ ಶ್ರೀನಿವಾಸ್ ಹೆಸರೇ ಇದೆ. ಹಾಡಿದವರ ಹೆಸರು ಸರಿಯಾಗಿ ಹಾಕಲೇಬೇಕು. ಇಷ್ಟಾದರೂ ಶ್ರೀನಿವಾಸ್ ಅಭಿಮಾನಿಗಳು ಧೈರ್ಯವಾಗಿ ಕೊಳ್ಳಬಹುದು.