ಬಿಲ್ಡ್ ಬೇಗ ಆಗಲಿ ಅಂತ ಚೆಕ್‌ಸಮ್ ಆಫ್ ಮಾಡಿಸಬೇಡಿ

ಬಿಲ್ಡ್ ಸರ್ವರ್ ನೋಡಿಕೊಳ್ಳುವವರು ದಯವಿಟ್ಟು ಓದಿ. ನಮ್ಮಲ್ಲಿ ಬಿಲ್ಡ್ (ಕೋಡ್‌ನಿಂದ ಓಡುವ ಸಾಫ್ಟ್‌ವೇರ್ ತಯಾರಿಸುವ ಕೆಲಸ) ತುಂಬಾ ನಿಧಾನ ಅಂತ ಅದನ್ನು ಸರಿಮಾಡುವ ಕೆಲಸವನ್ನು ಹೊರಗಿನ ಒಂದು ಕಂಪನಿಗೆ ಕೊಟ್ಟಿದ್ದರು. ಅವರು ಪ್ಯಾಕೇಜ್ (ಬೇರೆ ಕಡೆ ಬರೆದಿಟ್ಟ ಸಿದ್ಧ ಕೋಡ್) ಇಳಿಸುವಾಗ ನಡೆಯುವ ಚೆಕ್‌ಸಮ್ ಪರಿಶೀಲನೆಯನ್ನೇ ತೆಗೆದುಹಾಕಿದರು. ಚೆಕ್‌ಸಮ್ ಅಂದರೆ ಫೈಲ್ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಫೈಲ್ ಬದಲಾದರೆ ಇದೂ ಬದಲಾಗುತ್ತದೆ. ರಿಪೋರ್ಟಿನಲ್ಲಿ ಬರೆದದ್ದು ‘ಪರ್ಫಾರ್ಮೆನ್ಸ್ ಟ್ಯೂನಿಂಗ್’ ಅಂತ ಮಾತ್ರ.

ಸ್ವಲ್ಪ ದಿನಕ್ಕೆ ತೊಂದರೆ ಶುರುವಾಯಿತು. ಅದೇ ಕೋಡ್, ಅದೇ ವರ್ಷನ್ ನಂಬರ್. ಡೆವಲಪರ್ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಸರಿ ಬರುತ್ತದೆ, ಗ್ರಾಹಕರಿಗೆ ಹೋಗುವ ಬಿಲ್ಲಿನಲ್ಲಿ ಪೈಸೆಗಳು ತಪ್ಪು. ಇಡೀ ತಂಡ ಸುಮ್ನೆ ಕೋಡ್ ತಡಕಾಡಿತು. ಕೊನೆಗೆ ನೋಡಿದರೆ, ಪ್ಯಾಕೇಜ್‌ಗಳ ನಕಲು ಇಡುವ ಆಫೀಸಿನ ಮಿರರ್‌ನಲ್ಲಿದ್ದ ಒಂದು ಲೈಬ್ರರಿ ಪ್ಯಾಕೇಜನ್ನು ಯಾರೋ ತಿದ್ದಿ, ನಂಬರ್ ಬದಲಿಸದೆ ಹಳೇ ಫೈಲ್ ಜಾಗಕ್ಕೇ ಹಾಕಿದ್ದರು. ಯಾವ ಪ್ಯಾಕೇಜಿನ ಯಾವ ವರ್ಷನ್, ಅದರ ಚೆಕ್‌ಸಮ್ ಏನು ಅಂತ ಬರೆದಿಡುವ ಲಾಕ್ ಫೈಲ್‌ನಲ್ಲಿ ಹಳೆಯ ಎಸ್‌ಎಚ್‌ಎ-256 (ಒಂದು ಬಗೆಯ ಚೆಕ್‌ಸಮ್) ಹಾಗೇ ಇತ್ತು. ಪರಿಶೀಲನೆ ಇದ್ದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತಿತ್ತು. ಇದು ಒಳಗಿನವರೇ ತಿದ್ದಿದ್ದು. ಕಳ್ಳರು ತಿದ್ದಿದ್ದರೂ ಇಷ್ಟೇ ಸಲೀಸಾಗಿ ಒಳಗೆ ಬರುತ್ತಿತ್ತು ಅಲ್ವಾ?

ಹಾಗೆ ಆಗಿದ್ದೂ ಇದೆ. 2021ರ ಜನವರಿ 31ರಿಂದ ಕೋಡಿನ ಎಷ್ಟು ಭಾಗ ಪರೀಕ್ಷೆಗೆ ಒಳಪಟ್ಟಿದೆ ಅಂತ ಅಳೆಯುವ ಕೋಡ್‌ಕವ್ ಸಂಸ್ಥೆಯ ಬ್ಯಾಶ್ ಅಪ್‌ಲೋಡರ್ ಸ್ಕ್ರಿಪ್ಟನ್ನು (ಗ್ರಾಹಕರ ಬಿಲ್ಡ್‌ನಿಂದ ಆ ವರದಿ ಕಳಿಸುವ ಸಣ್ಣ ಪ್ರೋಗ್ರಾಂ) ದುಷ್ಕರ್ಮಿಗಳು ಆಗಾಗ ಬದಲಿಸಿ, ಅದನ್ನು ಓಡಿಸುವ ಬಿಲ್ಡ್‌ಗಳಿಂದ ಪಾಸ್‌ವರ್ಡ್, ಟೋಕನ್, ಕೀಗಳನ್ನು ಹೊರಗೆ ಸಾಗಿಸುತ್ತಿದ್ದರು. ಏಪ್ರಿಲ್ 1ರಂದು ಅದು ಬಯಲಾಯಿತು. ಒಬ್ಬ ಗ್ರಾಹಕರು ಇಳಿಸಿಕೊಂಡ ಸ್ಕ್ರಿಪ್ಟಿನ ಚೆಕ್‌ಸಮ್ಮನ್ನು ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿದ್ದ ಚೆಕ್‌ಸಮ್ ಜೊತೆ ಹೋಲಿಸಿ ನೋಡಿದ್ದರು, ಅಷ್ಟೇ. ಎರಡು ತಿಂಗಳು ಉಳಿದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇಷ್ಟಕ್ಕೂ ನಮಗೆ ಉಳಿದ ಸಮಯ ಎಷ್ಟು? ಅಳೆದು ನೋಡಿದೆವು. ಹ್ಯಾಶ್ (ಅಂದರೆ ಈ ಚೆಕ್‌ಸಮ್) ಲೆಕ್ಕಕ್ಕೆ ಹೋಗುತ್ತಿದ್ದದ್ದು ಕೆಲವೇ ಸೆಕೆಂಡು. ಈಗಿನ ಪ್ರೊಸೆಸರ್‌ಗಳಿಗೆ ಸೆಕೆಂಡಿಗೆ ನೂರಾರು ಎಂಬಿಯ ಎಸ್‌ಎಚ್‌ಎ-256 ಲೆಕ್ಕ ಹಾಕುವುದು ಕಷ್ಟವಲ್ಲ. ಸಮಯ ತಿನ್ನುತ್ತಿದ್ದದ್ದು ಪ್ರತಿ ಸಲವೂ ಎಲ್ಲ ಪ್ಯಾಕೇಜ್‌ಗಳನ್ನು ಹೊಸದಾಗಿ ಇಳಿಸುವ ಕೆಲಸ. ಒಮ್ಮೆ ಇಳಿಸಿದ್ದನ್ನು ಉಳಿಸಿಡುವ ಕ್ಯಾಶ್ ಇಟ್ಟ ಮೇಲೆ, ಪರಿಶೀಲನೆ ಮತ್ತೆ ಆನ್ ಮಾಡಿದರೂ, ಬಿಲ್ಡ್ ಮೊದಲಿಗಿಂತ ಬೇಗ ಮುಗಿಯುತ್ತಿದೆ. ಮೊದಲೇ ಯಾರಾದರೂ ಅಳೆದಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ವೇಗ ಬೇಕು ಅಂತ ಹಳೆಯ ಚೆಕ್‌ಸಮ್ ವಿಧಾನವಾದ ಎಂಡಿ5ಗೂ ಇಳಿಯಬೇಡಿ. ಬೇರೆ ಬೇರೆ ಫೈಲ್‌ಗಳಿಗೆ ಒಂದೇ ಎಂಡಿ5 ಬರುವಂತೆ ಮಾಡಬಹುದು ಅಂತ 2004ರಲ್ಲೇ ತೋರಿಸಿದ್ದಾರೆ. 2017ರಲ್ಲಿ ಎಸ್‌ಎಚ್‌ಎ-1 ಅನ್ನುವ ಇನ್ನೊಂದು ಹಳೆಯ ವಿಧಾನದ ಕಥೆಯೂ ಅದೇ ಆಯಿತು. ಫೈಲ್ ಇರುವ ಸರ್ವರಿನಲ್ಲೇ ಚೆಕ್‌ಸಮ್ಮೂ ಇದ್ದರೆ ಅದೊಂದನ್ನೇ ನಂಬಬೇಡಿ. ಸರ್ವರಿಗೆ ನುಗ್ಗಿದವನು ಎರಡನ್ನೂ ಬದಲಿಸಬಲ್ಲ. ಫೈಲ್ ತಯಾರಿಸಿದವರ ಡಿಜಿಟಲ್ ಸಹಿಯನ್ನೂ ಪರಿಶೀಲಿಸಿ.

ಇವತ್ತೇ ನಿಮ್ಮ ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲಿ ಪರಿಶೀಲನೆ ಬಿಟ್ಟುಬಿಡಲು ಹೇಳುವ ‘ಸ್ಕಿಪ್’ (skip), ‘ಇಗ್ನೋರ್’ (ignore) ಅನ್ನುವ ಪದಗಳನ್ನು ಹುಡುಕಿ ನೋಡಿ. ಪಿಪ್ (ಪೈಥಾನ್ ಪ್ಯಾಕೇಜ್ ಇಳಿಸುವ ಸಾಧನ) ಬಳಸುವವರು ಹ್ಯಾಶ್ ಪರಿಶೀಲನೆ ಕಡ್ಡಾಯ ಮಾಡುವ ‘ರಿಕ್ವೈರ್ ಹ್ಯಾಶಸ್’ (--require-hashes) ಆಯ್ಕೆ ಹಾಕಿಕೊಳ್ಳಿ. ಹೊರಗಿನವರಿಗೆ ಕೆಲಸ ಕೊಡುವಾಗ, ಯಾವ ಪರಿಶೀಲನೆಯನ್ನೂ ಕೇಳದೆ ತೆಗೆಯಬಾರದು ಅಂತ ಬರವಣಿಗೆಯಲ್ಲೇ ಹಾಕಿಸಿ.